ಹೊರಗಿನ ಸದ್ದು

ಅತ್ತೆಗೆ ರೇಡಿಯೋ ಅಂದರೆ ಪ್ರಾಣ. ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಅದರ ಕಿವಿ ಹಿಂಡುತ್ತಿದ್ದರು. ವಾರ್ತೆ, ಹಳೆಯ ಹಾಡು, ನಾಟಕ, ಬೆಳೆಗೆ ಬಿದ್ದ ಹುಳದ ಬಗ್ಗೆ ಭಾಷಣ, ಯಾವುದೂ ಅವರಿಗೆ ಬೇಡವಾಗುತ್ತಿರಲಿಲ್ಲ. ಸೊಸೆ ಅದೇ ಕೋಣೆಯ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಹಾಕಿಕೊಂಡು ಅಕ್ಕಪಕ್ಕದವರ ಬಟ್ಟೆ ಹೊಲಿಯುತ್ತಿದ್ದಳು. ದಿನವಿಡೀ ಆ ಗದ್ದಲ ಕೇಳಿ ಸಂಜೆಯ ಹೊತ್ತಿಗೆ ಅವಳ ತಲೆ ಸಿಡಿಯುತ್ತಿತ್ತು. ಬಾಯಿಬಿಟ್ಟು ಹೇಳಲು ಧೈರ್ಯ ಸಾಲಲಿಲ್ಲ. ಕೊನೆಗೆ ಒಂದು ಉಪಾಯ ಹೊಳೆದು ಹೆಡ್‌ಫೋನ್ ಅಂಗಡಿಗೆ ಹೋದಳು.

ಅಂಗಡಿಯಾಕೆ ಎರಡು ತೆಗೆದು ಮುಂದಿಟ್ಟಳು. ಎರಡೂ ಅಗ್ಗದವೇ, ಎರಡೂ ಹಗುರ.

"ಇದು ಸ್ಪಂಜಿಂದು. ಹಾಕ್ಕೊಂಡಿದ್ದೇ ಗೊತ್ತಾಗಲ್ಲ. ಪಕ್ಕದಲ್ಲಿ ಯಾರಾದ್ರೂ ಕರೆದ್ರೆ ಕೇಳಿಸುತ್ತೆ. ಅದು ಕಿವಿ ಪೂರ್ತಿ ಮುಚ್ಚುತ್ತೆ. ಯಾರಿಗೆ ಬೇಕಿತ್ತು?"

"ನಮ್ಮತ್ತೆಗೆ."

"ಹಾಗಾದ್ರೆ ಸ್ಪಂಜಿಂದೇ ತಗೊಳ್ಳಿ. ವಯಸ್ಸಾದೋರು, ಯಾರಾದ್ರೂ ಬಾಗಿಲು ಬಡಿದ್ರೆ ಗೊತ್ತಾಗ್ಬೇಕಲ್ಲ."

ಸೊಸೆ ಸ್ಪಂಜಿನದನ್ನು ಹಾಡು ಹಚ್ಚಿ ಕೈಯಲ್ಲಿ ಹಿಡಿದು ನೋಡಿದಳು. ಹಾಡು ಜಿನುಗಿ ಹೊರಗೆ ಬರುತ್ತಿತ್ತು. ಇನ್ನೊಂದನ್ನು ತಲೆಗೇರಿಸಿದಳು. ಬೀದಿಯ ಹಾರ್ನು, ಮಾರುವವರ ಕೂಗು ಎಲ್ಲ ನೀರಿನೊಳಗೆ ಮುಳುಗಿದಂತಾಯಿತು. ಅಂಗಡಿಯಾಕೆ ಏನೋ ಹೇಳುತ್ತಿದ್ದುದು ತುಟಿ ಅಲುಗಿದ್ದರಿಂದಷ್ಟೇ ತಿಳಿಯಿತು.

"ಇದನ್ನೇ ಕೊಡಿ" ಎಂದಳು.

ಅತ್ತೆಯ ಸಂಭ್ರಮ ಹೇಳತೀರದು. ಮೆಟ್ಟಿಲ ಮೇಲೆ ಸಿಕ್ಕವರಿಗೆ, ಇಸ್ತ್ರಿ ಅಂಗಡಿಯವಳಿಗೆ, ಎಲ್ಲರಿಗೂ ತೋರಿಸಿಕೊಂಡು ಬಂದರು. "ಹೆತ್ತ ಮಗಳಿಗೂ ಹೊಳೀಲಿಲ್ಲ, ಇವಳಿಗೆ ಹೊಳೀತು ನೋಡಿ." ಬಸ್ ಓಡಿಸುವ ಮಗನೂ ಹೆಂಡತಿಯನ್ನು ಮೆಚ್ಚುಗೆಯಿಂದ ನೋಡಿದ. ಹೊಗಳಿಕೆ ಬಂದಾಗಲೆಲ್ಲ ಸೊಸೆ ತಲೆ ಬಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಒಳಗೆ ಚುಚ್ಚುತ್ತಿತ್ತು. ಆದರೂ ಕೋಣೆ ತಣ್ಣಗಾಗಿತ್ತು, ಕೆಲಸ ಚುರುಕಾಗಿ ಸಾಗುತ್ತಿತ್ತು. ಯಾರಿಗೆ ಏನು ನಷ್ಟ ಎಂದು ತನಗೆ ತಾನೇ ಹೇಳಿಕೊಂಡಳು.

ಒಂದು ಮಧ್ಯಾಹ್ನ ಗುಂಡಿ, ಒಳಪದರಕ್ಕೆ ಹಾಕುವ ಅಸ್ತರಿನ ಬಟ್ಟೆ ತರಲು ಪೇಟೆಗೆ ಹೊರಟಳು. ಮಗಳು ಗುಬ್ಬಿ ಇನ್ನೂ ಶಾಲೆಯಲ್ಲಿದ್ದಳು. "ಗುಬ್ಬಿ ಶಾಲೆಯಿಂದ ಬರ್ತಾಳೆ ಅತ್ತೆ, ಬಾಗಿಲು ತೆಗೀರಿ" ಎಂದಳು. ಅತ್ತೆ ಒಂದು ಕಿವಿ ಬಿಡಿಸಿ ಕೇಳಿಸಿಕೊಂಡು, "ನೀನು ಹೋಗಿ ಬಾ" ಎಂದರು. ಬೇಕಾದ ಬಣ್ಣ ಸಿಗದೆ ಸೊಸೆ ಅಂಗಡಿ ಅಂಗಡಿ ಸುತ್ತಿದಳು. ಮರಳಿದಾಗ ಹೊಸ್ತಿಲ ಬಳಿ ಮಗಳ ಶಾಲೆಯ ಚೀಲವೊಂದೇ ಇತ್ತು. ಗುಬ್ಬಿ ಇರಲಿಲ್ಲ. ತನ್ನ ಕೀಲಿಯಿಂದ ಬಾಗಿಲು ತೆಗೆದು ಒಳಗೆ ಓಡಿದಳು. ಅತ್ತೆ ಕಣ್ಣು ಮುಚ್ಚಿ ಕುರ್ಚಿಯ ತೋಳಿನ ಮೇಲೆ ಬೆರಳಿಂದ ತಾಳ ಹಾಕುತ್ತಿದ್ದರು.

ಅತ್ತೆ, ಸೊಸೆ ಇಬ್ಬರೂ ಬರಿಗಾಲಲ್ಲೇ ಬೀದಿಗಿಳಿದು ಹುಡುಕಿದರು. ಅಷ್ಟರಲ್ಲಿ ಗಂಡ ಮಗಳನ್ನು ಎತ್ತಿಕೊಂಡು ಬಂದ. ಬಾಗಿಲು ತೆರೆಯದ್ದರಿಂದ ಗುಬ್ಬಿ ಅಪ್ಪನನ್ನು ಹುಡುಕಿಕೊಂಡು ದೊಡ್ಡ ರಸ್ತೆ ದಾಟಿ ಬಸ್ ನಿಲ್ದಾಣಕ್ಕೆ ಹೊರಟಿದ್ದಳು. ದಾರಿಯಲ್ಲಿ ಸೈಕಲ್ಲೊಂದು ತಾಗಿ ಬಿದ್ದಿದ್ದವಳನ್ನು ಯಾರೋ ನಿಲ್ದಾಣದಲ್ಲಿದ್ದ ಅಪ್ಪನಿಗೆ ಒಪ್ಪಿಸಿದ್ದರು. ಮಂಡಿ ತರಚಿತ್ತು, ಗದ್ದ ಒಡೆದಿತ್ತು.

"ಬಡಿದೂ ಬಡಿದೂ ಮಗು ಕೈ ಕೆಂಪಗಾಗಿದೆ" ಎಂದ ಅವನು ತಾಯಿಗೆ. ಧ್ವನಿ ಎತ್ತಲಿಲ್ಲ. "ಸೈಕಲ್ ಬದಲು ಲಾರಿ ಆಗಿದ್ರೆ? ಆ ಹಾಡಲ್ಲಿ ಅಂಥದ್ದೇನಿತ್ತಮ್ಮ?"

"ನಂದೇ ತಪ್ಪು. ಕಿವಿ ಮಂದ ಆಗಿದೆ, ನನಗೇ ಗೊತ್ತಾಗ್ಲಿಲ್ಲ" ಎಂದರು ಅತ್ತೆ. ಹೆಡ್‌ಫೋನಿನ ತಂತಿ ಸುತ್ತಿ ಕಪಾಟಿನ ಮೇಲಿಟ್ಟರು. ಹತ್ತಿ, ಮುಲಾಮು ಹಿಡಿದು ನಿಂತಿದ್ದ ಸೊಸೆ ಬಗ್ಗಿ ಗುಬ್ಬಿಯ ಮಂಡಿ ಒರೆಸತೊಡಗಿದಳು.

ಅತ್ತೆ ಆಮೇಲೆ ರೇಡಿಯೋ ಮುಟ್ಟಲಿಲ್ಲ. ಗುಬ್ಬಿ ಶಾಲೆಯಿಂದ ಬರುವುದಕ್ಕೆ ಎಷ್ಟೋ ಮುಂಚೆಯೇ ಬಾಗಿಲ ಬಳಿ ಸ್ಟೂಲು ಹಾಕಿ ಕೂರುತ್ತಿದ್ದರು. ಸೊಸೆ ಬಯಸಿದ್ದ ಮೌನ ಈಗ ಮನೆತುಂಬ ಇತ್ತು. ಒಂದು ಬೆಳಿಗ್ಗೆ, ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಅತ್ತೆಯ ಎದುರು ಹೋಗಿ ಕೂತಳು.

"ಅತ್ತೆ, ನಿಮ್ಮ ಕಿವಿ ಚೆನ್ನಾಗೇ ಇದೆ. ಹೊರಗಿನ ಸದ್ದು ಕೇಳಿಸೋ ಅಂಥದ್ದನ್ನ ತಗೊಳ್ಳಿ ಅಂತ ಅಂಗಡಿಯವಳು ಹೇಳಿದ್ಲು. ನಾನೇ ಬೇಕೂಂತ ಕಿವಿ ಪೂರ್ತಿ ಮುಚ್ಚೋದನ್ನ ತಂದೆ."

"ಯಾಕೆ?"

"ರೇಡಿಯೋ ಸದ್ದು ನನಗೆ ತಡ್ಕೊಳ್ಳೋಕಾಗ್ತಿರಲಿಲ್ಲ. ಒಂಚೂರೂ ಹೊರಗೆ ಬರಬಾರದು ಅನ್ನಿಸ್ತು. ನಿಮಗೋಸ್ಕರ ಅಂತ ತಂದಿದ್ದಲ್ಲ ಅದು."

ಅತ್ತೆಯ ಕೈ ನಿಂತಿತು. "ನಿನ್ನ ಮಿಷನ್ನು ಗಡಗಡ ಅಂತಿತ್ತು, ಕೇಳಿಸ್ತಿರಲಿಲ್ಲ. ಅದಕ್ಕೇ ಜೋರಾಗಿ ಇಡ್ತಿದ್ದೆ. ಒಂದು ಮಾತು ಹೇಳಿದ್ರೆ ಅಡುಗೆಮನೇಲಿ ಕೂತು ಕೇಳ್ತಿದ್ನಲ್ಲ." ಕೈಯಲ್ಲಿದ್ದ ಕಾಯಿ ತಟ್ಟೆಗೆ ಹಾಕಿ, "ಸಿಕ್ಕಸಿಕ್ಕೋರ ಹತ್ರ ನಿನ್ನ ಹೊಗಳಿಕೊಂಡು ಬಂದೆನಲ್ಲ ನಾನು" ಎಂದರು.

ಸೊಸೆ ಅತ್ತುಬಿಟ್ಟಳು. ಅತ್ತೆ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. "ನನಗೆ ಹೇಳಿದೆ, ಸರಿ. ಅವನಿಗೂ ಹೇಳು" ಎಂದು ಮತ್ತೆ ನಾರು ತೆಗೆಯತೊಡಗಿದರು.

ಸಂಜೆ ಗಂಡನಿಗೂ ಹೇಳಿದಳು. ಅವನು "ಅಮ್ಮನಿಗೆ ಏನೇನೋ ಅಂದುಬಿಟ್ಟೆನಲ್ಲ" ಎಂದಷ್ಟೇ ಹೇಳಿ ಒಳಗೆ ಹೋಗಿ ತಾಯಿಯ ಪಕ್ಕ ಕೂತ. ಎಷ್ಟು ಹೊತ್ತಾದರೂ ಏಳಲಿಲ್ಲ.

ಸೊಸೆ ಮರುದಿನವೇ ಸ್ಪಂಜಿನದನ್ನು ತಂದಳು. ಅತ್ತೆ ಅದನ್ನು ಮುಟ್ಟಲು ವಾರಗಳೇ ಹಿಡಿದವು. ಕೊನೆಗೆ ಗುಬ್ಬಿಯೇ ಅಜ್ಜಿಯ ತಲೆಗೆ ತೊಡಿಸಿ ರೇಡಿಯೋ ಹಚ್ಚಿದಳು. ಹಗುರವಾಗಿದೆ, ಚೆನ್ನಾಗಿದೆ ಎಂದರು ಅತ್ತೆ. ಆದರೆ ಈಗ ಕಣ್ಣು ಮುಚ್ಚಿ ಕೇಳುವುದಿಲ್ಲ. ಹಾಡಿನ ನಡುವೆ ಒಂದು ಕಿವಿ ಬಿಡಿಸಿ, "ಯಾರೋ ಬಡಿದ ಹಾಗಾಯ್ತು" ಎನ್ನುತ್ತಾರೆ.

ಯಾರೂ ಬಡಿದಿಲ್ಲವೆಂದು ಸೊಸೆಗೆ ಗೊತ್ತು. ಆದರೂ ಯಂತ್ರ ನಿಲ್ಲಿಸಿ, ಎದ್ದು ಹೋಗಿ, ಅವರಿಗೆ ಕಾಣುವಂತೆ ಬಾಗಿಲನ್ನು ಪೂರ್ತಿ ತೆರೆದು ತೋರಿಸುತ್ತಾಳೆ.