ಕಲ್ಲುಹೂವಿನ ಗೋಡೆ

ಮೊದಲು ಬಂದದ್ದು ವಾಸನೆ. ಒಡೆದ ಹಾಲನ್ನು ಪಾತ್ರೆಯಲ್ಲೇ ಮುಚ್ಚಿಟ್ಟು ಊರಿಗೆ ಹೋಗಿ ಬಂದವರಿಗೆ ಆ ವಾಸನೆಯ ಪರಿಚಯವಿರುತ್ತದೆ. ಉಗ್ರಾಣದ ಬಾಗಿಲು ತೆರೆದ ಕೂಡಲೇ ಅದು ಮೂಗಿಗೆ ಅಡರಿ, ಬೆಳಗ್ಗೆ ಕುಡಿದ ಕಾಫಿ ಗಂಟಲವರೆಗೆ ಬಂದು ನಿಂತಿತು.

ವಸ್ತುಸಂಗ್ರಹಾಲಯದಲ್ಲಿ ನನ್ನ ಕೆಲಸ ಸತ್ತ ಹಕ್ಕಿಗಳನ್ನು ಕೆಡದಂತೆ ಕಾಯುವುದು. ಒಳಗೆ ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟಿದ ಹಕ್ಕಿಗಳು ಡ್ರಾಯರುಗಳಲ್ಲಿ ಸಾಲಾಗಿ ಮಲಗಿರುತ್ತವೆ. ಅವುಗಳಲ್ಲಿ ಕೆಲವು ಈಗ ಯಾವ ಆಕಾಶದಲ್ಲೂ ಇಲ್ಲ. ಅವು ಈ ಡ್ರಾಯರಿನಲ್ಲಿ ಹಾಳಾದರೆ ಎಲ್ಲೆಡೆಯೂ ಹಾಳಾದಂತೆ. ಉಗ್ರಾಣದ ಗೋಡೆಯ ಆಚೆ ದೊಡ್ಡ ಹಜಾರ. ಅದೇ ಗೋಡೆಯ ಆ ಬದಿಯಲ್ಲಿ, ನೆಲದಿಂದ ಸೂರಿನವರೆಗೆ, ನನ್ನ ತಮ್ಮ ಚಿತ್ರ ಬರೆದಿದ್ದ.

ಬಂಡೆಗೆ ಅಂಟಿಕೊಂಡು ವೃತ್ತವೃತ್ತವಾಗಿ ಹರಡುವ ಕಲ್ಲುಹೂವಿನ ಚಿತ್ರ. ನಡುವೆ ಹಳತು, ಅಂಚಿನಲ್ಲಿ ಹೊಸತು. ಎರಡು ವೃತ್ತಗಳು ಎದುರಾದಲ್ಲಿ ಗಡಿಯಂತೆ ಒಂದು ಕಪ್ಪು ಗೆರೆ. ಇದನ್ನೆಲ್ಲ ಅವನಿಗೆ ಭೂತಗನ್ನಡಿಯಲ್ಲಿ ತೋರಿಸಿದವಳು ನಾನೇ. ಅವನು ಒಂದು ಗೆರೆಯನ್ನೂ ತಪ್ಪು ಬರೆದಿರಲಿಲ್ಲ. ತಪ್ಪಿದ್ದು ಬಣ್ಣದಲ್ಲಿ. ಪ್ರಕೃತಿಯ ಚಿತ್ರಕ್ಕೆ ಪ್ರಕೃತಿಯದೇ ಬಣ್ಣ ಬೇಕೆಂದು, ಹಾಲಿನಿಂದ ತೆಗೆದ ಅಂಟಿನಲ್ಲಿ ಬಣ್ಣ ಕಲಸಿದ್ದ. ಹೊಳಪು ಸಾಲದೆಂದು ನಿರ್ದೇಶಕರು ಹೇಳಿದಾಗ ಮೇಲೆ ವಾರ್ನಿಷ್ ಹೊಡೆದ. ಹಿಂದೆ ಗೋಡೆಯ ತೇವ, ಮುಂದೆ ವಾರ್ನಿಷ್, ನಡುವೆ ಹಾಲು. ಬೂಷ್ಟಿಗೆ ಇಂಥ ಛತ್ರವನ್ನು ನಾನು ಪ್ರಯೋಗಾಲಯದಲ್ಲೂ ಕಟ್ಟಿರಲಿಲ್ಲ.

ಹಜಾರಕ್ಕೆ ಹೋಗಿ ನೋಡಿದೆ. ಗೋಡೆಯ ಬಲಗಡೆಯ ಕೆಳಮೂಲೆಯಲ್ಲಿ ವಾರ್ನಿಷ್ ಸಿಪ್ಪೆಯೆದ್ದಿತ್ತು. ಆ ಸಿಪ್ಪೆಯಡಿಯಿಂದ ಬೂದು ಹಸಿರಿನ ಒಂದು ಮಚ್ಚೆ ಹೊರಬಂದು ಅಂಗೈಗಿಂತ ಅಗಲವಾಗಿ ಕೂತಿತ್ತು. ನಡುವೆ ಕಪ್ಪು, ಅಂಚಿಗೆ ಬಿಳಿ ನವಿರು. ಹತ್ತಿರ ಬಾಗಿದರೆ ಮೇಲ್ಮೈ ಒದ್ದೆಯಾಗಿ ಮಿನುಗುತ್ತಿತ್ತು, ಯಾರೋ ಆಗಷ್ಟೇ ನೆಕ್ಕಿ ಹೋದ ಹಾಗೆ.

ನಿರ್ದೇಶಕರನ್ನು ನಾವು ಬೆನ್ನ ಹಿಂದೆ ಸೆಂಟು ಸಾಹೇಬರು ಎನ್ನುತ್ತೇವೆ. ಅವರು ಬರುವುದು ಎರಡು ಕೋಣೆ ಮೊದಲೇ ತಿಳಿಯುತ್ತದೆ. ಬೇರೆ ಯಾವ ವಾಸನೆಯೂ ಅವರಿಗೆ ತಿಳಿಯುವುದಿಲ್ಲ. ನಾನು ಅಲ್ಲಿರುವಾಗಲೇ ಅವರು ಯಾರೋ ಅತಿಥಿಗಳನ್ನು ಕರೆತಂದು ನೇರವಾಗಿ ಆ ಮೂಲೆಗೇ ಬೆರಳು ತೋರಿಸಿದರು.

"ಇಲ್ನೋಡಿ, ಇಡೀ ಗೋಡೇಲಿ ನಂಗೆ ಇಷ್ಟವಾದ ಜಾಗ ಇದು. ಮಖಮಲ್ಲು! ಜೀವ ಇದೆ ಅನ್ಸಲ್ವಾ?"

ನನ್ನ ತಮ್ಮ ಪಕ್ಕದಲ್ಲೇ ಇದ್ದ. "ಥ್ಯಾಂಕ್ಸ್ ಸರ್," ಎಂದ.

ಅವನನ್ನು ತೋಳು ಹಿಡಿದು ಮೆಟ್ಟಿಲ ಕೆಳಗೆ ಎಳೆದೆ. "ಅದನ್ನ ಬರೆದೋನು ನೀನೇನೋ?"

"ಮೆಲ್ಲಗೆ ಮಾತಾಡೇ ಅಕ್ಕಾ."

"ಕುಂಬಳಕಾಯಿ ಕಳ್ಳನ ಥರ ಹೆಗಲು ಮುಟ್ಕೋಬೇಡ. ಅದು ಬೂಷ್ಟು. ನಿನ್ನ ಹಾಲು ತಿಂದು ಬೆಳೀತಿದೆ. ಗೋಡೆಯಾಚೆ ನನ್ನ ಹಕ್ಕಿಗಳಿವೆ."

"ಗೊತ್ತು ಕಣೇ. ನಾಡಿದ್ದು ಪಕ್ಕದೂರಿನ ಮ್ಯೂಸಿಯಮ್ಮಿನೋರು ಬರ್ತಿದಾರೆ, ಅವರ ಗೋಡೇನೂ ನಂಗೆ ಚಿತ್ರ ಬರೆಯೋಕೆ ಕೊಡೋದಕ್ಕೆ. ಅವರು ಹೋದ್ಮೇಲೆ ನಾನೇ ಕೆರೆದು ಹಾಕ್ತೀನಿ. ಎರಡು ದಿನ ಬಾಯಿಗೆ ಬೀಗ ಹಾಕ್ಕೋ, ನಿನ್ನ ಕಾಲಿಗೆ ಬೀಳ್ತೀನಿ."

ಚಿಕ್ಕವನಿದ್ದಾಗ ಅನ್ನವನ್ನು ತಟ್ಟೆಯಡಿ ಬಚ್ಚಿಟ್ಟು "ಊಟ ಆಯ್ತು" ಎನ್ನುತ್ತಿದ್ದಾಗಲೂ ಇದೇ ಮುಖ. ಒಪ್ಪಿದೆ. ಡ್ರಾಯರುಗಳನ್ನು ಗೋಡೆಯಿಂದ ದೂರ ಸರಿಸಿ, ತೇವ ಹೀರುವ ಹರಳಿನ ಚೀಲಗಳನ್ನಿಟ್ಟು ಬಂದೆ.

ಮಾರನೆಯ ದಿನ ಮಿಂಚುಳ್ಳಿಗಳ ಡ್ರಾಯರು ಎಳೆದೆ. ಕೊನೆಯದರ ಎದೆಯ ಮೇಲೆ ಬೂದು ಹಸಿರು. ಕಣ್ಣಿನ ಜಾಗದಲ್ಲಿ ತುಂಬಿದ್ದ ಹತ್ತಿಯಲ್ಲಿ ಬಿಳಿ ನವಿರು ಎದ್ದು, ಹಕ್ಕಿಗೆ ಹೊಸದಾಗಿ ಕಣ್ಣು ಬಂದಂತಿತ್ತು. ಇಕ್ಕಳದಿಂದ ಎತ್ತಿದಾಗ ನೀಲಿ ರೆಕ್ಕೆಯ ಗರಿಗಳು ಲೋಳೆಯ ಎಳೆಯೊಂದಿಗೆ ಕಳಚಿ ಡ್ರಾಯರಿಗೇ ಅಂಟಿಕೊಂಡವು. ಕೈಗವಸಿತ್ತು. ಆದರೂ ಮೊಣಕೈವರೆಗೆ ಸೋಪು ಹಾಕಿ ತೊಳೆದೆ. ತೊಳೆದು ಒರೆಸಿ, ಮತ್ತೆ ತೊಳೆದೆ.

ಪಕ್ಕದೂರಿನವರು ಬಂದ ದಿನ ಸೆಂಟು ಸಾಹೇಬರು ಹೊಸ ಮಾತು ಕಲಿತಿದ್ದರು. "ಇದು ಬೆಳೆಯೋ ಚಿತ್ರ. ಬೇಕಂತಲೇ ಬೆಳೆಯೋಕೆ ಬಿಟ್ಟಿದೀವಿ." ಬಂದವರಲ್ಲಿ ಹಿರಿಯ ಹೆಂಗಸೊಬ್ಬರು ಮಚ್ಚೆಯನ್ನು ಬೆರಳಿಂದ ಸವರಿ, ಬೆರಳನ್ನು ಮೂಗಿನ ಬಳಿ ಹಿಡಿದು, ಮುಖ ಹಿಂಡಿದರು.

"ಏನಪ್ಪಾ ಇದು? ನೀವೇ ಮಾಡಿದ್ದಾ?"

"ಹೌದು ಮೇಡಂ, ಅದೊಂದು ವಿಧಾನ," ಎಂದ ನನ್ನ ತಮ್ಮ.

ನಾನು ಉಗ್ರಾಣಕ್ಕೆ ಹೋಗಿ ಮಿಂಚುಳ್ಳಿಗಳ ಡ್ರಾಯರನ್ನು ಎರಡು ಕೈಯಲ್ಲಿ ಹೊತ್ತು ತಂದು, ಗೋಡೆಯ ಬುಡದಲ್ಲಿ, ಮಚ್ಚೆಯ ಕೆಳಗೇ ಇಟ್ಟೆ.

"ಇದನ್ನೂ ನೀನೇ ಮಾಡಿದೆಯೇನೋ?"

ಎಲ್ಲರೂ ಬಾಗಿ ನೋಡಿದರು. ಹೆಂಗಸು ಹಿಂದೆ ಸರಿದು ಬೆರಳನ್ನು ಕರವಸ್ತ್ರಕ್ಕೆ ಉಜ್ಜತೊಡಗಿದರು. ತಮ್ಮ ಹಕ್ಕಿಯ ಎದೆ ನೋಡಿದ, ಗೋಡೆ ನೋಡಿದ.

"ಕೈ ತೊಳ್ಕೊಳ್ಳಿ ಮೇಡಂ," ಎಂದ ಕೊನೆಗೆ. "ಅದು ನಂದಲ್ಲ. ಬೂಷ್ಟು."

ಆಮೇಲೆ ಯಾರ ಅಪ್ಪಣೆಗೂ ಕಾಯದೆ ಬಣ್ಣ ಕೆರೆಯುವ ಉಳಿ ತಂದು ಕೂತ. ಮೊದಲ ಎಳೆತಕ್ಕೆ ವಾರ್ನಿಷ್ ಹಾಲಿನ ಕೆನೆಯಂತೆ ಮುದ್ದೆಯಾಗಿ ಬಂತು. ಅದರ ಹಿಂದೆ ಬಣ್ಣ, ಬಣ್ಣದ ಹಿಂದೆ ಗಾರೆ. ಅಡಿಯಲ್ಲೆಲ್ಲ ಕಪ್ಪು. ಅವನ ವೃತ್ತಗಳು ಒಂದೊಂದಾಗಿ ಜೋತುಬಿದ್ದವು. ವಾಸನೆ ಈಗ ಹಜಾರ ತುಂಬಿತು; ಪಕ್ಕದೂರಿನವರು ಕರವಸ್ತ್ರ ಮುಚ್ಚಿಕೊಂಡೇ ಹೊರಟುಹೋದರು. ಗೋಡೆ ಕೊಡುವ ಮಾತು ಅಲ್ಲಿಗೆ ಮುಗಿಯಿತು. ತಮ್ಮ ತಲೆಯೆತ್ತಲಿಲ್ಲ. ಕೆರೆಯುತ್ತಲೇ ಇದ್ದ. ನಾನು ಇನ್ನೊಂದು ಉಳಿ ಹಿಡಿದು ಪಕ್ಕದಲ್ಲಿ ಕೂತೆ.

ಸೆಂಟು ಸಾಹೇಬರು ಪಕ್ಕದೂರಿನವರನ್ನು ಬೀಳ್ಕೊಟ್ಟು ಮರಳಿ ಬಂದರು. ಡ್ರಾಯರನ್ನು ಸುತ್ತಿ ದಾಟಿ, ಗೋಡೆಯನ್ನು ತುಸು ಹೊತ್ತು ನೋಡಿದರು.

"ಆಯ್ತು, ಬೇರೆ ಬಣ್ಣದಲ್ಲಿ ಮತ್ತೆ ಬರೀರಿ," ಎಂದರು. "ಆದ್ರೆ ಈ ಮೂಲೆ ಮಾತ್ರ ಮೊದಲಿದ್ದ ಹಾಗೇ ಇರ್ಬೇಕು. ಪೋಸ್ಟರಲ್ಲಿ ಹಾಕ್ಬಿಟ್ಟಿದೀವಿ."

ಅವರು ಹೋದರು. ಅವರ ಸೆಂಟು ಒಡೆದ ಹಾಲಿನೊಂದಿಗೆ ಬೆರೆತು ಅಲ್ಲೇ ನಿಂತಿತು. ನನ್ನ ತಮ್ಮ ಉಳಿ ಕೆಳಗಿಟ್ಟ. ಕಿಟಕಿ ತೆರೆಯಲು ಎದ್ದವನು, ಅದನ್ನು ತಲುಪುವ ಮೊದಲೇ, ಬಣ್ಣದ ಬಕೆಟ್ಟಿಗೆ ಬಾಗಿ ವಾಂತಿ ಮಾಡಿಕೊಂಡ.