ಮಲರ್ ಮಿಸ್ಸಿನ ಮಗ

ಕ್ಷೌರದವನು ಕುಗನ್‌ನ ತಲೆಯನ್ನು ಅರ್ಧ ಬೋಳಿಸಿ ಕತ್ತಿಯನ್ನು ನೀರಿಗೆ ಅದ್ದುತ್ತಿದ್ದಾಗ ಶಿವನೇಸ ಮಾವ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕುಳಿತ.

“ಕೊಡ ನಮ್ಮ ನಿರೋಷನ್ ಹೊರಲಿ ಕಣೋ. ನೀನು ಬೆಂಕಿ ಇಟ್ಟರೆ ಸಾಕು. ಕ್ರಿಯೆ ಮಾಡಿಸೋ ಅಯ್ಯರ್ ಹತ್ರ ಕೇಳಿದೀನಿ, ನಡೆಯುತ್ತಂತೆ.”

“ನಾನೇ ಹೊರ್ತೀನಿ ಮಾವ.”

“ತುಂಬಿದ ಕೊಡ. ಒದ್ದೆ ಪಂಚೆ, ಬರಿಗಾಲು, ಕೆಳಗೆ ಮರಳು. ಚಿತೆ ಸುತ್ತ ಮೂರು ಸುತ್ತು. ಅಲ್ಲಿ ನೀನು ಬಿದ್ದೆ ಅಂತಿಟ್ಕೋ, ನಾಳೆ ಊರಲ್ಲೆಲ್ಲ ಅದೇ ಮಾತು. ನನ್ನಕ್ಕನ ಸಾವು ನಗೆಪಾಟಲಾಗಬೇಕಾ?”

ಮಾವನ ಮಗ ನಿರೋಷನ್ ಚಪ್ಪರದ ಕಂಬ ಹಿಡಿದು ನಿಂತು, ಇದು ತನ್ನ ವಿಷಯವೇ ಅಲ್ಲ ಎನ್ನುವಂತೆ ನೆಲ ನೋಡುತ್ತಿದ್ದ. ಕ್ಷೌರದವನು ಎರಡು ಬೆರಳಲ್ಲಿ ಕುಗನ್‌ನ ಗಲ್ಲ ಹಿಡಿದು ತಲೆಯನ್ನು ಆ ಕಡೆಗೆ ತಿರುಗಿಸಿದ. ಯಾರದೋ ತಲೆಯನ್ನು ತಿರುಗಿಸಿದ ಹಾಗೆ ಕುಗನ್‌ಗೆ ಅನಿಸಿತು. ಹಲ್ಲು ಕೀಳುವ ಮುಂಚೆ ಚುಚ್ಚುವ ಮದ್ದು ಬೆಳಿಗ್ಗೆಯಿಂದ ಮೈಗೆಲ್ಲ ಏರಿದಂತಿತ್ತು.

ಒಳಗೆ ನಡುಮನೆಯಲ್ಲಿ ಅಮ್ಮ ಶವಪೆಟ್ಟಿಗೆಯಲ್ಲಿ ಮಲಗಿದ್ದಳು. ತವಮಲರ್ ಎಂಬ ಹೆಸರು ಪಡಿತರ ಚೀಟಿಯಲ್ಲಿ ಮಾತ್ರ. ಜಾಫ್ನಾದಲ್ಲಿ ಎಲ್ಲರಿಗೂ ಅವಳು ಮಲರ್ ಮಿಸ್. ಕೃತಕ ಕಾಲು ಕಟ್ಟಿಕೊಡುವ ಕೇಂದ್ರದಲ್ಲಿ ಮೂವತ್ತು ವರ್ಷ, ಕಾಲು ಕಳೆದುಕೊಂಡವರಿಗೆ ನಡೆಯಲು ಕಲಿಸಿದಳು. ದಾರಿಯಲ್ಲಿ ಎದುರು ಬಂದವರ ಮುಖ ನೋಡುವ ಅಭ್ಯಾಸವೇ ಅವಳಿಗಿರಲಿಲ್ಲ. ಮದುವೆಗೆ ಹೋದರೂ ಅಷ್ಟೇ. ಮದುಮಗಳ ಸೀರೆ ಯಾವ ಬಣ್ಣದ್ದು ಎಂದು ಕೇಳಿದರೆ ಹೇಳಲಾರಳು, ಆದರೆ ಹುಡುಗಿ ಬಲಗಾಲಿನ ಮೇಲೆ ಭಾರ ಹಾಕಲು ಹೆದರುತ್ತಾಳೆ ಎಂದು ಊಟದ ಪಂಕ್ತಿಯಲ್ಲೇ ಹೇಳಿ ಬೀಗರಿಗೆ ಇರಿಸುಮುರಿಸು ಮಾಡುತ್ತಿದ್ದಳು.

“ಕಣ್ಣಲ್ಲಿ ಒಂದು ಹನಿ ಇಲ್ಲ ನೋಡು,” ಪಕ್ಕದ ಮನೆಯ ಹೆಂಗಸು ಬಾಗಿಲಲ್ಲಿ ಹೇಳಿದ್ದು ಕುಗನ್‌ಗೆ ಕೇಳಿಸಿತು. “ತಾಯಿ ಥರಾನೇ, ಕಲ್ಲು.”

ಅದು ಸುಳ್ಳೇನಲ್ಲ ಎಂದುಕೊಂಡ.

*

ಹನ್ನೊಂದನೇ ವಯಸ್ಸಿನಲ್ಲಿ, ತಾಳೆತೋಪಿನ ಅಂಚಿನಲ್ಲಿ ಹೂತಿದ್ದ ನೆಲಬಾಂಬಿಗೆ ಕುಗನ್‌ನ ಎಡಗಾಲು ಮಂಡಿಯ ಮೇಲಿನವರೆಗೂ ಹೋಯಿತು. ಗಾಯ ಒಣಗಿದ ಮೇಲೆ ಅಮ್ಮನೇ ಅವನನ್ನು ಕೇಂದ್ರಕ್ಕೆ ಕರೆದುಕೊಂಡು ಹೋದಳು.

“ಇಲ್ಲಿ ಅಮ್ಮ ಅನ್ನಬೇಡ. ಎಲ್ಲರ ಹಾಗೆ ಮಿಸ್ ಅನ್ನು.”

ಮೊದಲ ವಾರ ನಡೆಯಲು ಕಲಿಸಲಿಲ್ಲ, ಬೀಳಲು ಕಲಿಸಿದಳು. ಆಮೇಲೆ ಜೋಡಿ ಕಂಬಿಗಳ ನಡುವೆ ನಿಲ್ಲಿಸಿದಳು. ಹಿಮ್ಮಡಿ ಮೊದಲು ನೆಲ ಮುಟ್ಟಬೇಕು, ಮೊಂಡುತೊಡೆಯನ್ನು ಹಿಂದಕ್ಕೆ ಒತ್ತಬೇಕು, ಆಗ ಕೃತಕ ಮಂಡಿ ನೆಟ್ಟಗೆ ನಿಲ್ಲುತ್ತದೆ. ಒತ್ತದೆ ಭಾರ ಹಾಕಿದರೆ ಮಡಚಿಕೊಳ್ಳುತ್ತದೆ. ಮೂರನೆಯ ದಿನ ಕಂಬಿ ಮುಗಿಯುವಲ್ಲಿ ಅದು ಮಡಚಿಕೊಂಡಿತು. ಬಿದ್ದವನು ಅವಳತ್ತ ಕೈ ಚಾಚಿದ. ಅವಳು ತನ್ನೆರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ಒಳ್ಳೇ ಕಾಲಿನ ಕಡೆಗೆ ಹೊರಳು. ಮಂಡಿ ಊರು. ಕೈ ಊರು. ಏಳು.”

“ಅಮ್ಮಾ...”

“ಮಿಸ್.”

ಇಪ್ಪತ್ತು ನಿಮಿಷ ಅಲ್ಲೇ ಬಿದ್ದು ಅತ್ತ. ಕಡೆಗೆ ತಾನೇ ಎದ್ದ. ಆಮೇಲೆ ಮನೆಯಲ್ಲೂ ಅವಳು ಕೈ ಕೊಟ್ಟು ಎಬ್ಬಿಸಿದ್ದಿಲ್ಲ. ಅವನೂ ಕೇಳಲಿಲ್ಲ, ಬೇರೆಯವರು ಕೊಟ್ಟರೂ ಬೇಡವೆನ್ನುವುದು ರೂಢಿಯಾಯಿತು. ಅವಳಿಗೆ ತಾನು ಮಗನೋ, ರೋಗಿಯೋ ಎಂಬ ಸಿಟ್ಟು ಮಾತ್ರ ಇಪ್ಪತ್ನಾಲ್ಕು ವರ್ಷ ಹಾಗೇ ಉಳಿಯಿತು.

*

ಪೆಟ್ಟಿಗೆ ಎತ್ತುವ ಹೊತ್ತಿಗೆ ಪಾಸೆಯೂರಿನ ಮೀನುಗಾರ ಅರುಳಪ್ಪು ಬಂದ. ಕುಗನ್ ಜೊತೆಗೇ ನಡೆಯಲು ಕಲಿತವನು. ಮೊಂಡುಗಾಲಿಗೆ ಹುಣ್ಣಾಗಿದ್ದರಿಂದ ಕೃತಕ ಕಾಲನ್ನು ಮನೆಯಲ್ಲಿ ಬಿಟ್ಟು ಊರುಗೋಲಿನ ಮೇಲೆ ಬಂದಿದ್ದ.

“ಹುಣ್ಣು ಮಾಡ್ಕೊಂಡು ಬಂದಿದೀಯಾ, ದನ ಕಾಯೋನೇ ಅಂತ ಬೈತಿದ್ಲು ನಿಮ್ಮಮ್ಮ ಇದ್ದಿದ್ರೆ,” ಎಂದ. “ತಂಬೀ, ನೀನು ಕಂಬಿ ಹತ್ರ ಬಿದ್ದು ಅತ್ತೆಯಲ್ಲ, ಆವತ್ತು ನಾನು ಅವಳ ಹಿಂದಿನ ಬೆಂಚಲ್ಲಿ ಕೂತಿದ್ದೆ. ನಿಂಗೆ ಅವಳ ಮುಖ ಕಾಣ್ತಿತ್ತು. ನಂಗೆ ಕೈ ಕಾಣ್ತಿತ್ತು. ಒಂದು ಕೈಯಿಂದ ಇನ್ನೊಂದನ್ನ ಹಿಡ್ಕೊಂಡಿದ್ಲು. ಉಗುರು ನೆಟ್ಟು ರಕ್ತ ಬಂದಿತ್ತು ಕಣೋ.”

“ಹೌದಾ,” ಎಂದ ಕುಗನ್. ತಮಟೆ ಶುರುವಾಯಿತು.

ಸುಡುಗಾಡಿನಲ್ಲಿ ನೀರು ತುಂಬಿದ ಮಣ್ಣಿನ ಕೊಡವನ್ನು ಅವನ ಎಡಹೆಗಲಿಗೆ ಏರಿಸಿದರು. ಅಮ್ಮನ ಮೇಲಿನ ಪ್ರೀತಿಗೆ ಹೊರುತ್ತಿದ್ದೇನೋ, ಹಟಕ್ಕೋ ಎಂದು ಅವನಿಗೆ ಗೊತ್ತಿರಲಿಲ್ಲ. ನೂರಾರು ಜನರನ್ನು ನಡೆಸಿದವಳ ಸುತ್ತ ಬೇರೆಯವನ ಕಾಲು ನಡೆಯಬಾರದು, ಅಷ್ಟೇ. ಮೊದಲ ಸುತ್ತು ಮುಗಿಯಿತು. ಪದ್ಧತಿಯಂತೆ ಕ್ಷೌರದವನು ಕತ್ತಿಯ ತುದಿಯಿಂದ ಕೊಡಕ್ಕೆ ತೂತು ಹೊಡೆದ. ನೀರು ಬೆನ್ನ ಮೇಲೆ ಇಳಿಯಿತು. ಎರಡನೆಯ ಸುತ್ತಿನಲ್ಲಿ, ಅಮ್ಮನ ತಲೆಯ ಕಡೆ, ಹಿಮ್ಮಡಿ ಮರಳಲ್ಲಿ ಹೂತು ಮಂಡಿ ಮಡಚಿಕೊಂಡಿತು.

ಕೊಡ ಚೂರಾಯಿತು. ಮಾವ ನುಗ್ಗಿದ. ಅರುಳಪ್ಪುವಿನ ಊರುಗೋಲು ಅವನ ಎದೆಗೆ ಅಡ್ಡ ಬಂತು.

“ಮುಟ್ಟಬೇಡಿ.”

“ಬಿದ್ದಿದಾನೆ ಕಣಯ್ಯಾ!”

“ಕಾಣ್ತಿದೆ. ಏಳ್ತಾನೆ ಬಿಡಿ.”

ಕುಗನ್ ಕೆನ್ನೆಯನ್ನು ಮರಳಿಗಿಟ್ಟು ಹಾಗೇ ಬಿದ್ದಿದ್ದ. ಅವನು ಕಾಯುತ್ತಿದ್ದ. ಬಿದ್ದಾಗಲೆಲ್ಲ ತಲೆಯ ಮೇಲಿಂದ ಬರುತ್ತಿದ್ದ ಆ ಒಣ ದನಿ ಈಗ ಬರುತ್ತದೆ ಎಂದು ಕಾಯುತ್ತಿದ್ದ. ಬರಲಿಲ್ಲ. ಅಮ್ಮ ಸತ್ತಿದ್ದಾಳೆ ಎಂಬುದು ಅವನಿಗೆ ಆಗ ತಿಳಿಯಿತು. ಆಮೇಲೆ ಬಲಕ್ಕೆ ಹೊರಳಿದ. ಮಂಡಿ ಊರಿದ. ಕೈ ಊರಿ ಎದ್ದ.

“ಒಂದೂವರೆ ಸುತ್ತು ಆಗಿದೆ,” ಅಯ್ಯರ್ ಮೆಲ್ಲಗೆ ಹೇಳಿದರು. “ಮಿಕ್ಕಿದ್ದು ನಿರೋಷನ್ ಮುಗಿಸಲಿ.”

“ಕೊಡ ಇದೆಯಾ?” ಕುಗನ್ ಕೇಳಿದ.

“ಎರಡು ಕಾಲಿರೋರೇ ಇಲ್ಲಿ ಬೀಳ್ತಾರೆ,” ಎಂದು ಕ್ಷೌರದವನು ಗೋಣಿಚೀಲದಿಂದ ಇನ್ನೊಂದು ಕೊಡ ತೆಗೆದ. “ಅದಕ್ಕೇ ನಾನು ಯಾವಾಗ್ಲೂ ಜೋಡಿ ತರೋದು.”

ಕುಗನ್ ಮೊದಲಿಂದ ಶುರುಮಾಡಿ ಮೂರೂ ಸುತ್ತು ಬಂದ. ಚಿತೆಗೆ ಬೆನ್ನು ಮಾಡಿ, ಹಿಂದಿರುಗಿ ನೋಡದೆ ಬೆಂಕಿ ಇಟ್ಟ.

ಮನೆಯೊಳಗೆ ಹೋಗುವ ಮುಂಚೆ ಹಿತ್ತಿಲ ಬಾವಿಯ ಹತ್ತಿರ ಸ್ನಾನ. ಕೃತಕ ಕಾಲಿನ ಬಟ್ಟಲೊಳಗೆ ಮರಳು ಸೇರಿ ಮೊಂಡುತೊಡೆಯ ಚರ್ಮ ಕಿತ್ತುಹೋಗಿತ್ತು. ಒಗೆಯುವ ಕಲ್ಲಿನ ಮೇಲೆ ಕುಳಿತು ಕಾಲು ಬಿಚ್ಚಿಟ್ಟ. ಮಾವ ಎದುರಿಗೆ ಬಂದು, ಎಲ್ಲೋ ನೋಡುತ್ತ, ಕೈ ಚಾಚಿದ.

ಕುಗನ್ ಆ ಕೈಯನ್ನು ನೋಡಿದ. ಆಮೇಲೆ ಮಣಿಕಟ್ಟನ್ನು ಹಿಡಿದು, ಒಂದೇ ಕಾಲಿನ ಮೇಲೆ ಎದ್ದು ನಿಂತ. ನಿರೋಷನ್ ಸೇದಿ ಸೇದಿ ನೀರು ಸುರಿದ. ಮೂರು ಬಿಂದಿಗೆ, ನಾಲ್ಕು, ಐದು.

“ಆಯ್ತು ಕಣೋ ಕುಗನ್,” ಮಾವ ಹೇಳಿದ. “ಸ್ನಾನ ಆಯ್ತು.”

ಕುಗನ್ ಕೈ ಬಿಡಲಿಲ್ಲ. ಮಾವನ ಬೆರಳುಗಳು ಬಿಳಿಚಿಕೊಂಡಿದ್ದವು. ನಿರೋಷನ್ ಅಪ್ಪನ ಮುಖ ನೋಡಿದ, ಬಿಂದಿಗೆಯನ್ನು ಮತ್ತೆ ಬಾವಿಗೆ ಇಳಿಸಿದ.