ವಿಷ ಇಳಿಸಿದ ಕೈ

ಡೋಣಿ ಊರಿನ ನಮ್ಮ ಕಣದಲ್ಲಿ ಮೂವರು ಕುಳಿತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆವು: ನಾನು, ನನ್ನ ಗಂಡ, ಅತ್ತೆ ಗದಿಗೆವ್ವ. ಅತ್ತೆ ನೀರಡಿಸಿ ಎದ್ದರು. ಕೈ ತೊಳೆದು ತಂಬಿಗೆ ಎತ್ತುವಾಗ, ಅದರ ಅಂಚಿಗೆ ಕೂತಿದ್ದ ಜೇನುಹುಳ ಮಣಿಕಟ್ಟಿಗೆ ಕಡಿಯಿತು.

ನಾನು ಏಳುವಷ್ಟರಲ್ಲಿ ನಮ್ಮವರು ಹಾರಿ ಬಂದಿದ್ದರು. ನಮ್ಮ ಕಡೆ ಹುಳ ಕಡಿದರೆ ತೋಳಿನಿಂದ ಕೆಳಕ್ಕೆ ನೀವಿ ವಿಷ ಇಳಿಸುವ ರೂಢಿ. ಮಾವನವರು ಊರಿಗೆಲ್ಲ ಇಳಿಸುತ್ತಿದ್ದರಂತೆ. ಮಗ ಬಿಡುತ್ತಾರೆಯೇ? ಭುಜದಿಂದ ಬೆರಳ ತುದಿಯವರೆಗೆ ಗಸಗಸ ನೀವತೊಡಗಿದರು.

"ಲೇ ಕಳಕೇಶ, ಉರಿ ಮ್ಯಾಲ ಏರಾಕತ್ತೈತಿ! ಮೊಣಕೈಗೆ ಬಂತು!"

"ಹೆದರಬ್ಯಾಡಬೇ ಯವ್ವಾ, ಇಳಸ್ತೀನಿ."

ನೀವಿದಷ್ಟೂ ಉರಿ ಹೆಚ್ಚಿತು. ಭುಜದವರೆಗೆ ತೋಳು ಕೆಂಪಾಯಿತು.

"ಎದಿಗೆ ಬಂದ್ರ ನಾ ಉಳಿಯಂಗಿಲ್ಲ, ಮಂಜುಳಾ," ಎಂದು ಅತ್ತೆ ಅತ್ತೇಬಿಟ್ಟರು.

ನನಗೂ ಭಯವಾಯಿತು. ಪಕ್ಕದ ಹೊಲದ ಮಹಬೂಬಸಾಬರಿಗೆ, ಮುಂಡರಗಿ ದವಾಖಾನೆಗೆ ಹೋಗಬೇಕು, ಜಲ್ದಿ ನಿಮ್ಮ ಟಂಟಂ ಆಟೋ ತನ್ನಿ ಎಂದು ಕೂಗಿದೆ.

"ಅತ್ತೀ, ಉಸಿರಾಡಾಕ ತ್ರಾಸ ಆಗತೈತೇನ್ರಿ? ನಾಲಿಗಿ ದಪ್ಪ ಅನ್ನಸ್ತೈತೇನು?"

"ಉಸಿರು ಛಲೋ ಐತವ್ವ. ಈ ಉರಿ ಒಂದ!"

ನೋಡಿದೆ. ಮಣಿಕಟ್ಟಿನಲ್ಲಿ ಅವರೆಕಾಳಿನಷ್ಟು ಬಾವು, ಅಷ್ಟೇ. ತೋಳಿನಲ್ಲಿ ಬಾವಿಲ್ಲ, ಬರೀ ಬೆರಳಗಲದ ಕೆಂಪು ಪಟ್ಟೆಗಳು. ಅಷ್ಟರಲ್ಲಿ ನಮ್ಮವರು ಹಣೆಯ ಬೆವರು ಒರೆಸಿಕೊಂಡರು. "ಅಯ್ಯಯ್ಯಪ್ಪಾ, ನನ್ನ ಕಣ್ಣು!" ಎಂದು ಕುಣಿಯತೊಡಗಿದರು.

ನನ್ನ ಪಿತ್ತ ನೆತ್ತಿಗೇರಿತು.

"ಮುಂಜಾನಿಂದ ಮೆಣಸಿನಕಾಯಿ ಮುರದ ಕೈಲೆ ತೋಳು ನೀವೀರೇನು? ವಿಷ ಇಳಸಾಕ ಬಂದು ಖಾರ ಹಚ್ಚಿ ಕುಂತ್ರಿ! ಕಣ್ಣು ತೊಳಕೋ ಹೋಗ್ರಿ, ಮೊದಲ ಕೈ ತೊಳಕೊಂಡು!"

ನಾನೂ ಸಾಬೂನು ಹಚ್ಚಿ ಕೈ ತಿಕ್ಕಿ ತೊಳೆದೆ. ಆಮೇಲೆ ಅತ್ತೆಯ ಮಣಿಕಟ್ಟಿನಲ್ಲಿ ಉಳಿದಿದ್ದ ಮುಳ್ಳನ್ನು ಉಗುರಿನಿಂದ ಕೆರೆದು ತೆಗೆದೆ. ತೋಳಿಗೆಲ್ಲ ಸಾಬೂನು ಹಚ್ಚಿ ಮತ್ತೆ ಮತ್ತೆ ತೊಳೆದು, ಮಡಕೆಯ ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿದೆ. ಸ್ವಲ್ಪ ಹೊತ್ತಿಗೆ ಅತ್ತೆಯ ಮುಖ ಸಡಿಲಾಯಿತು.

"ಇಳೀತು ನೋಡವ್ವ," ಎಂದು ನಕ್ಕರು.

ಟಂಟಂ ಬಂದು ನಿಂತಿತು.

"ಯಾರನ್ನ ಒಯ್ಯಬೇಕ್ರಿ ದವಾಖಾನಿಗೆ?" ಎಂದರು ಮಹಬೂಬಸಾಬ.

ಬಕೆಟ್ಟಿನಲ್ಲಿ ಮುಖ ಅದ್ದಿ ಕುಳಿತಿದ್ದ ಮಗನನ್ನು ಅತ್ತೆ ತೋರಿಸಿದರು.

"ಆ ವೈದ್ಯನ್ನ ಒಯ್ಯಪಾ. ನನಗ ಆರಾಮ ಆಗೇತಿ, ನಾ ಚಾ ಕುಡೀತೀನಿ."